ಸಾಹೇಬರ ಎಡಗೈ ನೋವು

ಯಾರಾದರೂ ಮನೆಗೆ ಬಂದರೆ ಈಗ ನಾನು ಮೊದಲು ನೋಡುವುದು ಅವರ ಕಾಲು. ಹೋದ ಯುಗಾದಿಗೆ ಬಂದಿದ್ದ ಸೋದರತ್ತೆಗೆ ನಮಸ್ಕಾರ ಮಾಡಲು ಬಗ್ಗಿದವಳು, ಹಾಗೇ ಅವರ ಕಾಲಿನ ಹರಡಿನ ಮೇಲೆ ಹೆಬ್ಬೆರಳು ಒತ್ತಿ, ತೆಗೆದು, ಒತ್ತಿದ ಜಾಗದಲ್ಲಿ ಕುಳಿ ಉಳಿಯುತ್ತದೆಯೇ ಎಂದು ನೋಡುತ್ತ ಕೂತುಬಿಟ್ಟೆ. ಅತ್ತೆ ಆಶೀರ್ವಾದ ಮುಗಿಸಿದರು. ನಾನು ಏಳಲಿಲ್ಲ. ಸಾಲಲಿಲ್ಲವೇನೋ ಎಂದು ಗಾಬರಿಯಾಗಿ ಇನ್ನೊಂದು ಸಲ ಆಶೀರ್ವಾದ ಮಾಡಿದರು. ಕಾಲು ಬಾತಿರಲಿಲ್ಲ. ಆ ಖುಷಿಗೆ ಅವರಿಗೆ ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದೆ.

ನಾಯಿಗಳನ್ನೂ ಬಿಟ್ಟಿಲ್ಲ. ಕೆಳಮನೆಯವರ ಲ್ಯಾಬ್ರಡಾರ್ ತುಟಿ ಎತ್ತಿ ಒಸಡಿನ ಬಣ್ಣ ನೋಡಿ ನೋಡಿ, ಈಗ ನನ್ನನ್ನು ಕಂಡರೆ ಅದು ತಾನೇ ಬಾಯಿ ತೆರೆದು ನಿಲ್ಲುತ್ತದೆ. ನಮ್ಮ ಸೀರೆ ಅಂಗಡಿಗೆ ಬರುವ ಹೆಂಗಸರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಸಾಕು, ಸೀರೆ ಬಿಡಿಸಿ ತೋರಿಸುವುದನ್ನು ನಿಲ್ಲಿಸಿ ವಿಚಾರಣೆಗೆ ಇಳಿಯುತ್ತೇನೆ. ದಣಿವು ಹೊಸದೋ ಹಳೆಯದೋ? ಬೆನ್ನು ಸೆಳೆಯುತ್ತದೆಯೋ? ವಾಕರಿಕೆ ಇದೆಯೋ? ಹೆಂಗಸರಿಗೆ ಹೃದಯದ ತೊಂದರೆ ಎದೆ ನೋವೇ ಇಲ್ಲದೆ ಇಷ್ಟರಿಂದಲೇ ಶುರುವಾಗಬಹುದಂತೆ, ಇಂದೇ ತೋರಿಸಿಕೊಳ್ಳಿ ಎಂದು ಅಂಜಿಸಿ ಕಳಿಸುತ್ತೇನೆ. ವ್ಯಾಪಾರ ಹಾಳಾಗುತ್ತದೆ. ಆಗಲಿ.

ಈ ಹುಚ್ಚು ಹಿಡಿಸಿದವರು ನಮ್ಮ ಸಾಹೇಬರು. ಸಾಹೇಬರು ಅಂದರೆ ನಮ್ಮ ನಾಯಿ. ಬಿಳಿ ಪಾಮೇರಿಯನ್, ಮೈತುಂಬ ಕೂದಲು, ತಲೆತುಂಬ ಸೊಕ್ಕು. ಆ ಬಿರುದು ಕೊಟ್ಟವರು ನನ್ನ ಗಂಡ. ಬಿರುದಿನ ಜೊತೆಗೆ ತಮ್ಮ ಬೇಕುಬೇಡಗಳನ್ನೆಲ್ಲ ಅದರ ತಲೆಗೇ ಕಟ್ಟಿದ್ದರು. ಚಹಾ ಬೇಕಾದರೆ, “ಸಾಹೇಬ್ರಿಗೆ ಚಹಾ ಬೇಕಂತ.” ಬಾಯಿ ಕೆಟ್ಟರೆ, “ಸಾಹೇಬ್ರು ಯಾಕೋ ಮೆಣಸಿನಕಾಯಿ ಭಜಿ ನೆನಸಾಕತ್ತಾರ.” ಫ್ಯಾನು ಜೋರಾಗಬೇಕು, ಟಿವಿ ಸದ್ದು ಇಳಿಯಬೇಕು, ನಾನು ತಂಗಿಯ ಫೋನು ಇಡಬೇಕು, ಎಲ್ಲ ಸಾಹೇಬರ ಹುಕುಂ.

ಇದು ಚೇಷ್ಟೆಯಂತೆ ಕಂಡರೂ ಹಳೆಯ ರೂಢಿ. ನಾನು ಮದುವೆಯಾಗಿ ಹೋದ ರಾಯಚೂರು ಕಡೆಯ ತುಂಬಿದ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿಯನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ಇವರು ತೊಟ್ಟಿಲಲ್ಲಿ ಮಲಗಿದ ಅಣ್ಣನ ಕೂಸಿಗೆ, “ನಿಮ್ಮ ಕಾಕೂಗ ನೀರು ತರಾಕ ಹೇಳು” ಅನ್ನುತ್ತಿದ್ದರು. ಕೂಸು ಹೂಂ ಅನ್ನುವಷ್ಟರಲ್ಲಿ ಕಾಕು, ಅಂದರೆ ನಾನು, ತಂಬಿಗೆ ತಂದು ಇಟ್ಟಿರುತ್ತಿದ್ದೆ. ತೆಲುಗು ನಾಡಿನ ಈ ದೊಡ್ಡ ಊರಿಗೆ ಬಂದು, ಸುಲ್ತಾನ್ ಬಜಾರಿನಲ್ಲಿ ಅಂಗಡಿ ಹಾಕಿ ತಾರ್ನಾಕದಲ್ಲಿ ಮನೆ ಮಾಡಿದ ಮೇಲೆ ಎದುರಿಗೆ ಯಾವ ಹಿರಿಯರೂ ಇರಲಿಲ್ಲ. ರೂಢಿ ಮಾತ್ರ ನಮ್ಮ ಸಾಮಾನಿನ ಜೊತೆಗೇ ಬಂದಿತ್ತು. ಮಗಳು ಹುಟ್ಟಿದ ಮೇಲೆ ಮಗಳ ಹೆಸರಲ್ಲಿ ಮಾತಾಡಿದರು. ಅವಳು ಮದುವೆಯಾಗಿ ಇದೇ ಊರಿನ ಆ ತುದಿಗೆ ಹೋಗುವಾಗ ನಾಯಿಮರಿ ತಂದುಕೊಟ್ಟಳು, ಆ ಚಾಕರಿ ಅದಕ್ಕೆ ಬಂತು. ಅಂಗಡಿಯಲ್ಲಿ ತೆಲುಗಿನಲ್ಲೂ ಹಿಂದಿಯಲ್ಲೂ ಗಿರಾಕಿಗಳ ತಲೆ ತಿರುಗಿಸುವ ಮನುಷ್ಯ, ಮನೆಯಲ್ಲಿ ‘ನನಗೆ ಹಸಿವಾಗಿದೆ’ ಎಂದು ಒಮ್ಮೆಯೂ ಹೇಳಿದ್ದಿಲ್ಲ.

ನನಗೂ ಒಗ್ಗಿಹೋಗಿತ್ತು. ಸಾಹೇಬರಿಗೆ ಚಹಾ ಅಂದರೆ ಯಾರಿಗೆ ಚಹಾ ಎಂಬುದು ನನಗೆ ಗೊತ್ತು. ನಾಯಿಗೆ ಚಹಾ ಕೊಡುವಷ್ಟು ದಡ್ಡಿ ನಾನಲ್ಲ.

ಆದರೆ ಸುಸ್ತಿನ ವಿಷಯದಲ್ಲಿ ಮೋಸಹೋದೆ. ದಿನಾ ಬೆಳಿಗ್ಗೆ ಇವರೂ ನಾಯಿಯೂ ಪಕ್ಕದ ವಿಶ್ವವಿದ್ಯಾಲಯದ ಆವರಣದಲ್ಲಿ ತಿರುಗಾಡಿ ಬರುತ್ತಿದ್ದರು. ಆ ಚಳಿಗಾಲದಲ್ಲಿ ಬೇಗಬೇಗ ವಾಪಸು ಬರತೊಡಗಿದರು. ಕೇಳಿದರೆ, “ಸಾಹೇಬ್ರಿಗೆ ಏರು ಹತ್ತಾಕ ದಮ್ಮು ಬರಾಕತ್ತೈತಿ.” ಊಟವಾದ ಮೇಲೆ ಅಜವಾನ ಬಾಯಿಗೆ ಹಾಕಿಕೊಂಡು, “ಸಾಹೇಬ್ರಿಗೆ ಗ್ಯಾಸ್ ಆಗೈತಿ.” ಒಂದು ದಿನ ನಾನೇ ಜೊತೆಗೆ ಹೋದೆ. ಏರಿನ ಅರ್ಧಕ್ಕೆ ಒಂದು ಬೇವಿನ ಮರ. ಅದರ ಬುಡ ಮುಟ್ಟುತ್ತಲೇ ನಾಯಿ ನೆಲಕ್ಕೆ ಕುಂಡಿ ಊರಿ ಕೂತಿತು. ಇವರು ಪಕ್ಕದ ಕಟ್ಟೆಯ ಮೇಲೆ ಕೂತು, “ನೋಡಿದೆಲ್ಲ?” ಅಂದರು. ನೋಡಿದೆ. ನಾಯಿಯನ್ನೇ ನೋಡಿದೆ. ಪಾಪ ಅನ್ನಿಸಿ ಅವತ್ತೇ ಸಂಜೆ ಪಶುವೈದ್ಯರ ಹತ್ತಿರ ಹೊರಡಿಸಿದೆ.

ಆ ವೈದ್ಯೆ ನಮ್ಮ ಮಗಳ ವಯಸ್ಸಿನ ಹುಡುಗಿ, ಶುದ್ಧ ತೆಲುಗು. ಅವಳ ಮಾತನ್ನೂ, ಇವರು ಅವಳಿಗೆ ತೆಲುಗಿನಲ್ಲಿ ಹೇಳಿದ್ದನ್ನೂ ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ಒಂದೊಂದಾಗಿ ಕೇಳಿದಳು. ಕೆಮ್ಮು ಇದೆಯಾ, ಮಲಗಿದಾಗ ಹೆಚ್ಚುತ್ತದಾ? ಇಲ್ಲ. ಇದ್ದಕ್ಕಿದ್ದ ಹಾಗೆ ಎಚ್ಚರ ತಪ್ಪಿ ಬಿದ್ದಿದೆಯಾ? ಇಲ್ಲ. ಹೊಟ್ಟೆ ತಡವಿದಳು. ಹೃದಯ ಸೋತರೆ ಅಲ್ಲಿ ನೀರು ತುಂಬುತ್ತದಂತೆ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ, ಬಿಟ್ಟಳು. ಬಿಳಿಚಿದ ಜಾಗ ಕ್ಷಣದಲ್ಲಿ ಕೆಂಪಾಯಿತು. “ರಕ್ತ ಚೆನ್ನಾಗಿ ಓಡುತ್ತಿದೆ” ಅಂದಳು. ಇಂಥ ಸಣ್ಣ ಜಾತಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಕವಾಟ ಸಡಿಲವಾಗುವುದುಂಟು, ನಿದ್ದೆಯಲ್ಲಿ ಅದರ ಉಸಿರು ಎಣಿಸುತ್ತಿರಿ, ಎಂದಿಗಿಂತ ಜೋರಾದರೆ ಕರೆತನ್ನಿ ಎಂದು ಹೇಳಿಕೊಟ್ಟಳು. ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿ ಕೇಳಿದಳು. ನಾಯಿ ಅವಳ ಮೂಗು ನೆಕ್ಕಿತು.

“ನಡೆಯುವಾಗ ಏನಾಗುತ್ತದೆ? ಬಿಡಿಸಿ ಹೇಳಿ.”

ಇವರಿಗೆ ಎಲ್ಲಿಲ್ಲದ ಹುಮ್ಮಸ್ಸು ಬಂತು. “ಏರು ಹತ್ತುವಾಗ ಎದೆ ಬಿಗಿಯುತ್ತದೆ ಮೇಡಂ, ಸೀರೆಯ ದೊಡ್ಡ ಗಂಟು ಹೇರಿದ ಹಾಗೆ. ನಿಂತರೆ ಇಳಿಯುತ್ತದೆ. ಊಟ ಮಾಡಿ ನಡೆದರೆ ಇನ್ನೂ ಜಾಸ್ತಿ. ಒಮ್ಮೊಮ್ಮೆ ದವಡೆಗೆ ಏರುತ್ತದೆ. ಎಡಗೈ ಅಂತೂ ಭುಜದಿಂದ ಸೆಳೆಯುತ್ತದೆ.”

ವೈದ್ಯೆ ನಾಯಿಯ ಮುಂದಿನ ಎಡಗಾಲನ್ನು ಕೈಯಲ್ಲಿ ಹಿಡಿದು ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

ನನಗೆ ನಗು ಉಕ್ಕಿಬಂತು. “ಎಡಗೈ ಅಂತ! ನಾಯಿಗೆ ಕೈ ಯಾವಾಗ ಬಂತ್ರೀ? ನಾಳೆ ಬೆರಳಿಗೆ ಉಂಗುರಾನೂ ಕೇಳ್ತೈತೇನು?” ಎಂದು ಮೇಜು ಹಿಡಿದುಕೊಂಡು ನಕ್ಕೆ. ನನಗೆ ಒಮ್ಮೆ ನಗು ಹತ್ತಿದರೆ ಬೇಗ ಬಿಡುವುದಿಲ್ಲ. ಅವಳು ನಗಲಿಲ್ಲ.

“ನಿಮ್ಮ ನಾಯಿಯ ಹೃದಯ ಗಟ್ಟಿಯಾಗಿದೆ,” ಅಂದಳು. “ದವಡೆ ನೋಯುತ್ತದೆ ಎಂದು ಯಾವ ನಾಯಿಯೂ ಯಾರಿಗೂ ಹೇಳುವುದಿಲ್ಲ. ಎದೆ ಬಿಗಿಯುವುದು ಯಾರಿಗೆ?”

ಇವರು ಅಭ್ಯಾಸಬಲದಿಂದ ಕನ್ನಡದಲ್ಲೇ ಅಂದರು, “ಸಾಹೇಬ್ರಿಗೆ.”

ಅಷ್ಟರಲ್ಲಿ ನಾನು ಇವರ ಮುಖ ನೋಡಿದೆ. ಆ ಚಳಿಯಲ್ಲಿ ಹಣೆಯ ತುಂಬ ಬೆವರು. ನನ್ನ ನಗು ನಿಂತಿತು. “ಈಗಲೂ ಆಗಾಕತ್ತೈತೇನ್ರೀ?” ಎಂದೆ. ಇವರು ನಾಯಿಯ ಬೆನ್ನು ಸವರುತ್ತ ತಲೆ ಆಡಿಸಿದರು.

ವೈದ್ಯೆ ಇವರನ್ನು ಕುರ್ಚಿಯಲ್ಲಿ ಕೂರಿಸಿ, ತಾನೇ ಆಂಬುಲೆನ್ಸಿಗೆ ಫೋನು ಮಾಡಿದಳು. ಸ್ಕೂಟರಿನ ಕೀಲಿಗೆ ಕೈಹಾಕಿದ ಇವರನ್ನು ಗದರಿದಳು. ಮನೆಗೆ ಹೋಗಿ ಬಟ್ಟೆ ಬದಲಿಸಿ ಬರುತ್ತೇವೆ ಅಂದದ್ದಕ್ಕೆ ನನಗೂ ಬೈಗುಳ ಬಿತ್ತು. ನಾಯಿ ಇಲ್ಲೇ ಇರಲಿ ಎಂದು ಸರಪಳಿ ತಾನು ಹಿಡಿದುಕೊಂಡಳು.

ಹೀಗೆ ಆಂಬುಲೆನ್ಸಿನಲ್ಲಿ ಮೊದಲ ಬಾರಿಗೆ, ನಡುವೆ ಕೂಸಿಲ್ಲ, ಮಗಳಿಲ್ಲ, ನಾಯಿಯಿಲ್ಲ, ನಾವಿಬ್ಬರೇ. ಜೊತೆಗೆ ಕೂತ ಸಿಬ್ಬಂದಿ ಇವರ ಎದೆಗೆ ತಂತಿ ಅಂಟಿಸಿ, ನೋವು ಎಷ್ಟಿದೆ ಎಂದು ಹಿಂದಿಯಲ್ಲಿ ಕೇಳಿದ. ಇವರು ಆ ಕಡೆ ಈ ಕಡೆ ನೋಡಿದರು. ನಾಯಿಯನ್ನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು.

“ಸಾಹೇಬ್ರು ಬಂದಿಲ್ರೀ,” ಅಂದೆ. “ನೀವ ಹೇಳಬೇಕು.”

ಇವರು ನನ್ನ ಕೈ ಹಿಡಿದು, “ನನಗ ಭಾಳ ನೋಯಾಕತ್ತೈತಿ,” ಅಂದರು. “ನನಗ ಅಂಜಿಕಿ ಆಗೈತಿ.” ನನಗೆ ಅಳು ಬಂತು, ಸಿಟ್ಟೂ ಬಂತು. “ಇನ್ನು ಮ್ಯಾಲೆ ಏನಿದ್ರೂ ‘ನನಗ’ ಅಂತನ ಹೇಳಬೇಕು. ನಾಯಿ ಹೆಸರು ತಗದ್ರ ನೋಡ್ರಿ ಮತ್ತ!” ಎಂದು ಅಲ್ಲೇ ಜೋರು ಮಾಡಿದೆ. ಆ ಸಿಬ್ಬಂದಿ, ರೋಗಿಯನ್ನು ಬೈಯಬೇಡಿ ಅಮ್ಮಾ ಎಂದು ಕೈಮುಗಿದ.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು. ಸರಿಯಾದ ಹೊತ್ತಿಗೆ ಬಂದಿರಿ, ಯಾರು ಕಳಿಸಿದರು ಎಂದು ಅಲ್ಲಿಯ ಡಾಕ್ಟರು ಕೇಳಿದರು. ನಾಯಿ ಡಾಕ್ಟರು ಎಂದೆ. ಅವರು ನನ್ನನ್ನು ಒಮ್ಮೆ, ಮಲಗಿದ್ದ ಇವರನ್ನು ಒಮ್ಮೆ ನೋಡಿದರು. ನನಗೆ ಮತ್ತೆ ನಗು ಹತ್ತಿತು. ಗಂಡ ಬದುಕಿದ್ದಾನೆ ಎಂದರೆ ಆಸ್ಪತ್ರೆಯ ಫಿನಾಯಿಲ್ ವಾಸನೆಯೂ ಮಲ್ಲಿಗೆಯಾಗುತ್ತದೆ. ವರಾಂಡದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಬಾಳೆಹಣ್ಣು ಹಂಚಿದೆ.

ಮನೆಗೆ ಬಂದ ಮೇಲೆ ಇವರು ನನ್ನ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸತೊಡಗಿದರು. “ನನಗ ಉಪ್ಪು ಸಾಲಲಿಲ್ಲ. ನನಗ ಈ ದಿಂಬು ಒತ್ತತೈತಿ. ನನಗ ಹಾಗಲಕಾಯಿ ಪಲ್ಯ ಮದಲಿನಿಂದಲೂ ಸೇರಂಗಿಲ್ಲ.” ಮದಲಿನಿಂದಲೂ! ಮದುವೆಯಾದಾಗಿನಿಂದ ವಾರಕ್ಕೊಮ್ಮೆ ಮೆಚ್ಚಿ ತಿಂದ ಹಾಗಲಕಾಯಿ! ಉಪ್ಪು ಹೆಚ್ಚಿಗೆ ಕೊಡಲಿಲ್ಲ. ಹಾಗಲಕಾಯಿಯನ್ನು ಮಾತ್ರ ಮನೆಯಿಂದ ಗಡಿಪಾರು ಮಾಡಿದೆ. ಇತ್ತ ಸಾಹೇಬರಿಗೆ ಹುಕುಂ ಹೊರಡಿಸುವ ಕೆಲಸ ತಪ್ಪಿ, ಇಡೀ ದಿನ ನಿದ್ದೆ. ನಾನು ಗಡಿಯಾರ ಹಿಡಿದು ಒಮ್ಮೆ ಅದರ ಉಸಿರು ಎಣಿಸುವುದು, ಒಮ್ಮೆ ಇವರದ್ದು. ಇವರದ್ದು ಎಣಿಸಬೇಕೆಂದು ಯಾರೂ ಹೇಳಿರಲಿಲ್ಲ.

ಡಾಕ್ಟರು ನಡೆಯಲು ಒಪ್ಪಿಗೆ ಕೊಟ್ಟ ಮೇಲೆ ಮೂವರೂ ಮತ್ತೆ ಆವರಣಕ್ಕೆ ಹೋದೆವು. ಏರು ಶುರುವಾಯಿತು. ಎದೆ ಹೊಡೆದುಕೊಂಡದ್ದು ನನ್ನದು. ಬೇವಿನ ಮರ ಬಂತು. ನಾಯಿ ರೂಢಿಯಂತೆ ಕುಂಡಿ ಊರಿ ಕೂತು, ಇವರು ಕೂರುವ ಕಟ್ಟೆಯತ್ತ ನೋಡಿತು.

ಇವರು ಕೂರಲಿಲ್ಲ. “ನನಗ ಏನೂ ಆಗಿಲ್ಲ,” ಅಂದರು. “ದಮ್ಮಿಲ್ಲ, ಬಿಗತ ಇಲ್ಲ, ಕೈನೂ ಸುಮ್ಮನೈತಿ. ನಡಿ.”

ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಏನೋ ಹೇಳಬೇಕು ಎಂದು ಬಾಯಿ ತೆರೆದೆ. ಇಷ್ಟು ವರ್ಷದಲ್ಲಿ ನಾನೂ ಹೇಳದ ಮಾತು ಅದು. ಬಗ್ಗಿ ನಾಯಿಯ ಕಿವಿ ತುರಿಸುತ್ತ, ಅದರ ಕಡೆಗೇ ನೋಡುತ್ತ ಅಂದೆ, “ಸಾಹೇಬ್ರಿಗೆ ನೀವಂದ್ರ ಭಾಳ ಪ್ರೀತಿ ಐತಂತ್ರೀ.”

ಇವರು ಹುಬ್ಬು ಏರಿಸಿ ನಿಂತರು. “ಯಾರಿಗೆ?”

ನಾಯಿ ಅಷ್ಟರಲ್ಲಿ ಎದ್ದು, ನನ್ನ ಕೈಯಿಂದ ತಪ್ಪಿಸಿಕೊಂಡು, ಏರಿನ ಮೇಲೆ ಹೊರಟೇಬಿಟ್ಟಿತ್ತು.

“ನನಗ,” ಅಂದೆ.