ಮುಚ್ಚದೆ ಮುಚ್ಚಿದ ಓಣಿ

ಅವನು ಹೇಡಿ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಕತ್ತಲಿಗೋ ನಾಯಿಗೋ ಹೆದರುವ ಹೇಡಿಯಲ್ಲ, ಅಂಥವರನ್ನು ಕ್ಷಮಿಸಬಹುದು. ಯಾವ ತಪ್ಪೂ ತನ್ನ ತಲೆಗೆ ಬರಬಾರದು ಎಂಬ ಒಂದೇ ಎಚ್ಚರದಲ್ಲಿ ಅರ್ಧ ಆಯುಷ್ಯ ಕಳೆದವನು. ಅಕ್ಕ ತೋರಿಸಿದ ಹುಡುಗಿಯನ್ನು ಮದುವೆಯಾದ. ಗೆಳೆಯನೊಬ್ಬ ಡ್ರೈವಿಂಗ್ ಕಲಿಯಲು ಹೊರಟಾಗ ಅವನ ಬೆನ್ನಿಗೆ ಹೋಗಿ ತಾನೂ ಡ್ರೈವರ್ ಆದ. ಅಂಗಡಿಯಲ್ಲಿ ಮುಂದೆ ನಿಂತವರು ಯಾವ ಸೋಪು ಕೊಂಡರೋ ಅದನ್ನೇ ಕೊಳ್ಳುತ್ತಾನೆ. ಹೆಂಡತಿ ಎರಡು ಪರದೆ ಬಟ್ಟೆ ಹಿಡಿದು ಯಾವುದು ಚೆನ್ನಾಗಿದೆ ಎಂದರೆ ಎರಡನ್ನೂ ಮುಟ್ಟಿ ನೋಡಿ, ತಲೆ ಕೆರೆದುಕೊಂಡು, ನೀರು ಕುಡಿಯಲು ಒಳಗೆ ಹೋಗುತ್ತಾನೆ.

ಅವನದು ಡಯಾಲಿಸಿಸ್ ಕೇಂದ್ರದ ವ್ಯಾನು ಓಡಿಸುವ ಕೆಲಸ. ಮೂತ್ರಪಿಂಡ ಕೈಕೊಟ್ಟವರನ್ನು ಮನೆಯಿಂದ ಕರೆತರುವುದು, ಯಂತ್ರ ಅವರ ರಕ್ತವನ್ನು ತೊಳೆದು ಮುಗಿಸಿದ ಮೇಲೆ ಮನೆಗೆ ಬಿಡುವುದು. ಮೊದಲೆಲ್ಲ ಇದು ಅವನಿಗೆ ನರಕವಾಗಿತ್ತು. ಯಾವ ಬೀದಿ ಹಿಡಿಯಬೇಕು ಎಂದು ದಿನಾ ತಾನೇ ತೀರ್ಮಾನಿಸಬೇಕಾಗಿತ್ತು. ತಡವಾದರೆ ಸೂಪರ್‌ವೈಸರನ ಬಾಯಿಗೆ ಬೀಳಬೇಕಾಗಿತ್ತು. ಆಮೇಲೆ ಆಫೀಸಿನವರು ಸ್ಟೇರಿಂಗಿನ ಪಕ್ಕ ಒಂದು ಫೋನು ಸಿಕ್ಕಿಸಿ, ಮ್ಯಾಪ್ ಹೇಳಿದಂತೆ ಹೋಗಬೇಕು, ದಾರಿ ಬಿಟ್ಟರೆ ನಮಗೆ ಇಲ್ಲಿ ಕಾಣುತ್ತದೆ ಎಂದು ಕಟ್ಟುನಿಟ್ಟು ಮಾಡಿದರು. ಬೇರೆ ಡ್ರೈವರುಗಳು ಶಾಪ ಹಾಕಿದರು. ಇವನಿಗೆ ಮಾತ್ರ ಜೀವ ಬಂದಂತಾಯಿತು. ಫೋನಿನೊಳಗಿನ ಹೆಂಗಸು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಸಂಗಡಿಗರು ಅವನಿಗೆ ‘ಅಪ್ಪಣೆ’ ಎಂದು ಹೆಸರಿಟ್ಟರು. ಅವನ ಅಸಲು ಹೆಸರು ಕ್ರಮೇಣ ಸಂಬಳದ ದಿನಕ್ಕಷ್ಟೇ ಉಳಿಯಿತು.

ಒಮ್ಮೆ ಆ ಹೆಂಗಸು ಅವನನ್ನು ಗಿರಣಿಯ ಹಿತ್ತಲ ಗೋಡೆಯವರೆಗೆ ಕರೆದೊಯ್ದು ನಿಲ್ಲಿಸಿದಳು. ಮರುದಿನವೂ ಅದೇ ಗೋಡೆಗೆ ಹೋಗಿ ನಿಂತ.

ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ವ್ಯಾನಿನಲ್ಲಿ ಬರುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು ಅಂದು ರೇಗಿದರು. “ಏನಯ್ಯಾ, ನಾಳೆ ಅವಳು ಕೆರೆಗೆ ಇಳಿ ಅಂದ್ರೆ ಇಳೀತೀಯಾ?”

“ಅಲ್ಲಿ ಕೆರೆ ಇದೆ ಅಂತ ಅವಳಿಗೆ ಗೊತ್ತಿರುತ್ತೆ ಸಾರ್.”

ಇಂಥವನು ವಾಸವಾಗಿದ್ದ ಓಣಿಯ ಕಥೆಯನ್ನು ಇಲ್ಲಿ ಹೇಳಬೇಕು. ಸಂತೆಬೀದಿಗೂ ಆಸ್ಪತ್ರೆ ರಸ್ತೆಗೂ ನಡುವೆ ಒಂದು ಸಪೂರ ಓಣಿ. ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಮನೆಗಳ ಬಾಗಿಲು ನೇರ ರಸ್ತೆಗೇ ತೆರೆಯುತ್ತವೆ. ಇದು ಒಳದಾರಿ ಎಂದು ಮ್ಯಾಪಿಗೆ ಹೇಗೋ ಗೊತ್ತಾಗಿ, ಬೆಳಗ್ಗೆ ಸಂಜೆ ಕಾರುಗಳು ಸಾಲುಗಟ್ಟಿ ನುಗ್ಗತೊಡಗಿದವು. ಮಕ್ಕಳು ಹೊರಗೆ ಕಾಲಿಡುವಂತಿರಲಿಲ್ಲ. ಅಪ್ಪಣೆಯ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೊಸಿಲ ಮುಂದೆ ಬಟ್ಟೆ ಹಿಂಡುತ್ತಿದ್ದವಳು, ಒಂದು ಕಾರಿನ ಕನ್ನಡಿ ತಗುಲಿ ಬಿದ್ದು ಸೊಂಟ ಮುರಿದುಕೊಂಡಳು. ಆ ಕಾರಿನವನು ಇಳಿದು, “ಮ್ಯಾಪ್ ಇಲ್ಲೇ ತೋರಿಸ್ತು,” ಎಂದ. ಅದು ಅಪ್ಪಣೆಯದೇ ಮಾತಾಗಿತ್ತು.

ಉಪಾಯ ಹೂಡಿದವನು ಓಣಿಯ ಬಾಯಲ್ಲಿದ್ದ ಕ್ಷೌರದಂಗಡಿಯವನು. ಮ್ಯಾಪಿನಲ್ಲಿ ‘ರಸ್ತೆ ಮುಚ್ಚಿದೆ’ ಎಂದು ತಿಳಿಸಲು ಒಂದು ಗುಂಡಿ ಇದೆ. ಒಬ್ಬರು ಒತ್ತಿದರೆ ಅದು ನಂಬುವುದಿಲ್ಲ. ಓಣಿಗೆ ಓಣಿಯೇ, ಅಡುಗೆಮನೆಯಿಂದ, ಮಾಳಿಗೆಯಿಂದ, ಅಂಗಡಿಯಿಂದ, ಬೆಳಗ್ಗೆ ಸಂಜೆ ಒತ್ತಿದರೆ ನಂಬುತ್ತದೆ. ನಂಬಿತು. ಹೊರಗಿನವರ ಕಣ್ಣಿಗೂ ನಿಜವೆನಿಸಲಿ ಎಂದು ಓಣಿಯ ಬಾಯಲ್ಲಿ ಎರಡು ಡ್ರಮ್ಮು, ಮೇಲೊಂದು ಹಲಗೆ. ವಾರದೊಳಗೆ ಓಣಿ ತಣ್ಣಗಾಯಿತು. ಎಲ್ಲರೂ ಒತ್ತುತ್ತಾರೆಂದು ಅಪ್ಪಣೆಯೂ ಒತ್ತುತ್ತಿದ್ದ, ಹಲ್ಲುಜ್ಜುತ್ತ. ಎಲ್ಲರೂ ಮಾಡಿದ್ದು ಯಾರೂ ಮಾಡದ ಹಾಗೆ. ಅವನ ಮನಸ್ಸಿಗೆ ಇದು ಚೆನ್ನಾಗಿ ಒಪ್ಪಿತ್ತು.

ಆ ದಿನ ಬೆಳಗ್ಗೆಯೂ ಒತ್ತಿಯೇ ಹೊರಟಿದ್ದ.

ಮ್ಯಾನೇಜರನ್ನು ಹತ್ತಿಸಿಕೊಂಡು, ಅದೇ ಸರದಿಯ ಇನ್ನೊಬ್ಬ ಪೇಶೆಂಟು ಟೈಲರಮ್ಮನ ಮನೆಯ ಮುಂದೆ ನಿಲ್ಲಿಸಿದಾಗಲೇ ಏನೋ ಸರಿಯಿಲ್ಲ ಎನಿಸಿತು. ಪ್ರತಿ ಸಲವೂ ಬಾಗಿಲಲ್ಲಿ ನಿಂತು ತಡವಾಯಿತೆಂದು ಗದರುವ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ಬಾತಿತ್ತು. ಪಾದಗಳು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಶಾಲೆಯೊಂದರ ಸಮವಸ್ತ್ರ ಹೊಲಿದು ಮುಗಿಸಬೇಕೆಂದು ಹಿಂದಿನ ಸರದಿ ತಪ್ಪಿಸಿಕೊಂಡಿದ್ದಳು. ತೊಳೆಯದ ರಕ್ತ, ಹೊರಹೋಗದ ನೀರು ಎಲ್ಲ ಒಳಗೇ ನಿಂತಿತ್ತು.

“ಒಂದು ಸಲ ತಪ್ಪಿದ್ರೆ ಏನಾಗುತ್ತೆ ಅಂದ್ರಲ್ಲಮ್ಮ. ನೋಡಿ ಈಗ,” ಎಂದು ಮ್ಯಾನೇಜರು ಕೈಕೊಟ್ಟು ಹತ್ತಿಸಿಕೊಂಡರು.

“ನೀವು ಬ್ಯಾಂಕಲ್ಲಿ ಸಾಲ ಕೊಡಲ್ಲ ಅಂದಹಾಗೆ ನಾನು ಮಕ್ಕಳಿಗೆ ಬಟ್ಟೆ ಕೊಡಲ್ಲ ಅನ್ನೋಕಾಗುತ್ತಾ?” ಎಂದಳು ಅವಳು. ವಾಕ್ಯದ ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು.

ಅಪ್ಪಣೆ ಕೇಂದ್ರದ ಸಿಸ್ಟರಿಗೆ ಫೋನು ಮಾಡಿದ. ಆಕೆ ಅತ್ತಲಿಂದ ಟೈಲರಮ್ಮನ ಉಸಿರನ್ನೇ ಕೇಳಿಸಿಕೊಂಡಳು. “ಮಲಗಿಸಬೇಡಿ, ಕೂರಿಸಿಯೇ ಇರಿ. ಶ್ವಾಸಕೋಶಕ್ಕೆ ನೀರು ಇಳೀತಿದೆ. ಆಂಬುಲೆನ್ಸ್ ಕಾಯೋ ಹೊತ್ತಿಗೆ ನೀವೇ ಬಂದ್ಬಿಡ್ತೀರಿ. ಹೇಗಾದ್ರೂ ಮಾಡಿ ಬೇಗ ಕರ್ಕೊಂಡು ಬನ್ನಿ. ನಾನು ಯಂತ್ರ ಸಿದ್ಧ ಮಾಡಿಟ್ಟಿರ್ತೀನಿ.”

‘ಹೇಗಾದರೂ ಮಾಡಿ’ ಎಂಬ ಮಾತು ಅವನಿಗೆ ಇಷ್ಟವಾಗಲಿಲ್ಲ. ಅದರಲ್ಲಿ ಎಡ ಬಲ ಯಾವುದೂ ಇರಲಿಲ್ಲ.

ಸಂತೆಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಗಾಡಿಗಳ ಕೆಂಪು ದೀಪಗಳು ಒಂದಾದ ಮೇಲೊಂದು ಹೊತ್ತಿಕೊಂಡವು. ವೃತ್ತದಲ್ಲಿ ಎಣ್ಣೆಯ ಟ್ಯಾಂಕರು ಮಗುಚಿ, ಆಸ್ಪತ್ರೆ ರಸ್ತೆಗೆ ಹೋಗುವ ಬಾಯಿಯೇ ಕಟ್ಟಿಹೋಗಿತ್ತು. ಫೋನಿನಲ್ಲಿ ಗೆರೆಯೆಲ್ಲ ಕಡುಗೆಂಪಾಯಿತು. ಹೆಂಗಸು ಎಡಕ್ಕೆ ತಿರುಗಿ ಊರ ಹೊರಗಿನ ವರ್ತುಲ ರಸ್ತೆ ಹಿಡಿಯಲು ಹೇಳಿದಳು. ಊರನ್ನೇ ಒಂದು ಸುತ್ತು ಬಳಸಿ ಬರುವ ದಾರಿ.

ಅಪ್ಪಣೆ ಎಡಗಡೆಯ ಸಾಲಿಗೆ ಸೇರಿದ. ಆ ಸಾಲೂ ನಿಂತಿತು. ಎಲ್ಲರ ಫೋನಿನಲ್ಲೂ ಅದೇ ಹೆಂಗಸು ಅದನ್ನೇ ಹೇಳಿದ್ದಳು.

ನಿಂತಲ್ಲಿಂದ ರಸ್ತೆಯ ಬಲಗಡೆ, ಪೆಟ್ರೋಲ್ ಬಂಕಿಗೂ ಟೈರಿನ ಅಂಗಡಿಗೂ ನಡುವೆ, ಎರಡು ಡ್ರಮ್ಮು ಮತ್ತು ಹಲಗೆ ಕಾಣುತ್ತಿತ್ತು. ಅದರಾಚೆ ಅವನ ಓಣಿ, ಖಾಲಿ ಖಾಲಿಯಾಗಿ, ಒಣಗಲು ಹಾಕಿದ ಬಟ್ಟೆಗಳ ಸಮೇತ. ಓಣಿಯ ಆ ತುದಿಗೆ ಆಸ್ಪತ್ರೆ ರಸ್ತೆ. ತಿರುಗಿದರೆ ಕೇಂದ್ರದ ಗೇಟು. ಫೋನಿನಲ್ಲಿ ಮಾತ್ರ ಅದೇ ಓಣಿಯ ಮೇಲೆ ಮುಚ್ಚಿದ ಗುರುತು ಕೂತಿತ್ತು. ಹಲ್ಲುಜ್ಜುತ್ತ ಒತ್ತಿದ್ದ ಬೆರಳು ಈಗ ಸ್ಟೇರಿಂಗಿನ ಮೇಲಿತ್ತು.

ಅವನು ಸೂಪರ್‌ವೈಸರಿಗೆ ಫೋನು ಮಾಡಿದ. “ಸಾರ್, ವೃತ್ತ ಕಟ್ಕೊಂಡಿದೆ. ಪೇಶೆಂಟಿಗೆ ಏದುಸಿರು ಹತ್ತಿದೆ. ಯಾವ ಕಡೆ ಹೋಗ್ಲಿ?”

“ಮ್ಯಾಪ್ ಏನ್ ಹೇಳ್ತಿದೆ ರೀ?”

“ವರ್ತುಲ ರಸ್ತೆ ಅಂತಿದೆ. ಇಲ್ಲೊಂದು ಓಣಿ ಇದೆ ಸಾರ್, ಆದ್ರೆ ಮುಚ್ಚಿದೆ ಅಂತ…”

“ಮುಚ್ಚಿದೆ ಅಂದ್ಮೇಲೆ ಮುಚ್ಚಿದೆ. ನಡುವೆ ಸಿಕ್ಕಿಹಾಕ್ಕೊಂಡು ನನ್ನ ತಲೆ ತಿನ್ನಬೇಡಿ. ಹೇಳಿದ ದಾರೀಲಿ ಹೋಗಿ.”

ಅಪ್ಪಣೆ ಸಿಕ್ಕಿತ್ತು. ಬೇರೆ ಯಾವ ದಿನವಾದರೂ ಅವನು ಹಾಯಾಗಿ ಎಂಜಿನು ಆರಿಸಿ ಕೂರುತ್ತಿದ್ದ. ಅಂದು ಕಿವಿಗೆ ಹಿಂದಿನಿಂದ ಬೇರೊಂದು ಸದ್ದು ಬರುತ್ತಿತ್ತು. ಟೈಲರಮ್ಮನ ಎದೆಯಲ್ಲಿ ಹುಕ್ಕಾ ಸೇದಿದಂಥ ಗುಳುಗುಳು. ಅವಳು ಮುಂದಿನ ಸೀಟಿಗೆ ಎರಡೂ ಕೈ ಊರಿ ಬಾಗಿದ್ದಳು. ತುಟಿ ನೇರಳೆಗೆ ತಿರುಗಿತ್ತು.

“ಕಿಟಕಿ…” ಎಂದಳು.

“ತೆಗೆದಿದೆಯಮ್ಮ. ಪೂರ್ತಿ ತೆಗೆದಿದೆ,” ಎಂದರು ಮ್ಯಾನೇಜರು. “ಏನಯ್ಯಾ, ಒಂದಡಿನೂ ಹೋಗ್ತಿಲ್ವಲ್ಲಯ್ಯಾ!”

“ತಮ್ಮಾ,” ಎಂದಳು ಟೈಲರಮ್ಮ. ಇಷ್ಟು ವರ್ಷ ಅವನನ್ನು ‘ಏನಪ್ಪಾ’ ಎಂದಷ್ಟೇ ಕರೆದಿದ್ದವಳು. “ಆಗ್ತಿಲ್ಲ ತಮ್ಮಾ.”

ಅವನು ಮತ್ತೆ ಡ್ರಮ್ಮುಗಳತ್ತ ನೋಡಿದ. ಹೋದರೆ ಓಣಿಯವರು ಬಿಡುವುದಿಲ್ಲ. ಹಿಂದೆ ಬಿದ್ದ ಗಾಡಿಗಳೆಲ್ಲ ನುಗ್ಗುತ್ತವೆ. ಅತ್ತೆಯ ಸೊಂಟ ಮುರಿದ ಮೇಲೆ ಕಟ್ಟಿಕೊಂಡ ನೆಮ್ಮದಿ ಹೋಗುತ್ತದೆ. ಹಾಳು ಮಾಡಿದವನು ಯಾರು ಎಂದರೆ ಎಲ್ಲರ ಬೆರಳೂ ಒಂದೇ ಕಡೆ. ಹೋಗದಿದ್ದರೆ ಹೆಣ ತನ್ನ ವ್ಯಾನಿನಲ್ಲಿ. ಇದನ್ನು ಧೈರ್ಯ ಎಂದು ಯಾರೂ ಹಾಡಿಹೊಗಳುವ ಅಗತ್ಯವಿಲ್ಲ. ಎರಡು ಹೆದರಿಕೆಗಳಲ್ಲಿ ದೊಡ್ಡದು ಗೆದ್ದಿತು, ಅಷ್ಟೆ. ಹಾರನ್ನು ಒತ್ತಿ ಹಿಡಿದು, ವ್ಯಾನನ್ನು ಅಡ್ಡಡ್ಡ ಎಳೆದು, ಬಸ್ಸೊಂದರ ಮೂತಿಯ ಕೆಳಗೆ ತೂರಿಸಿ, ಬಲಗಡೆಗೆ ತಂದ. ಸುತ್ತಲಿಂದ ಬೈಗುಳ ಸುರಿಯಿತು. ಫೋನಿನ ಹೆಂಗಸು ಹಿಂದಕ್ಕೆ ತಿರುಗಲು ಹೇಳಿದಳು, ಮತ್ತೆ ಹೇಳಿದಳು.

“ಏಯ್, ಮುಚ್ಚಿದೆ ಕಣಯ್ಯಾ! ನನ್ನ ಫೋನಲ್ಲೂ ತೋರಿಸ್ತಿದೆ. ಡ್ರಮ್ಮು ಬೇರೆ ಇಟ್ಟಿದ್ದಾರೆ!” ಮ್ಯಾನೇಜರು ಕೂಗಿದರು.

ಡ್ರಮ್ಮುಗಳ ಮುಂದೆ ಕ್ಷೌರದವನು ಕತ್ತರಿ ಹಿಡಿದೇ ಬಂದು ನಿಂತ. ಅಂಗಡಿಯೊಳಗೆ ಅರ್ಧ ಮುಖಕ್ಕೆ ನೊರೆ ಬಳಿದುಕೊಂಡವನೊಬ್ಬ ಕತ್ತು ಚಾಚಿದ.

“ಏನಪ್ಪಾ ಅಪ್ಪಣೆ, ದಾರಿ ಗೀರಿ ತಪ್ಪಿತಾ? ನಮ್ಮೋನೇ ಆಗಿ ನೀನೇ ನುಗ್ಗಿಸ್ತಿದೀಯಲ್ಲೋ. ಹಿಂದೆ ನೋಡು, ದಿಬ್ಬಣದ ಥರ ಬರ್ತಿದಾರೆ!”

ಅಪ್ಪಣೆ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. ಕ್ಷೌರದವನು ಕಿಟಕಿಯೊಳಗೆ ಇಣುಕಿ ಟೈಲರಮ್ಮನ ತುಟಿಯ ಬಣ್ಣ ನೋಡಿದ. ಹಲಗೆಯನ್ನು ಕಿತ್ತೆಸೆದು ಡ್ರಮ್ಮುಗಳನ್ನು ಒದ್ದು ಉರುಳಿಸಿದ.

ಓಣಿಯುದ್ದಕ್ಕೂ ಒದ್ದೆ ಬಟ್ಟೆಗಳು ವ್ಯಾನಿನ ಕನ್ನಡಿಗೆ ಬಡಿದವು. ಆಡುತ್ತಿದ್ದ ಮಕ್ಕಳು ಗೋಡೆಗೆ ಅಂಟಿದರು. ತನ್ನ ಮನೆಯ ಹೊಸಿಲಲ್ಲಿ ಕೂತಿದ್ದ ಅತ್ತೆಯನ್ನು ಅವನ ಹೆಂಡತಿ ಕಂಕುಳಿಗೆ ಕೈಹಾಕಿ ಒಳಗೆಳೆದುಕೊಂಡಳು. ಗಂಡನ ಮುಖ ಕಂಡು ಅವಳ ಬಾಯಿ ತೆರೆದೇ ಉಳಿಯಿತು. ಅವನು ನಿಲ್ಲಿಸಲಿಲ್ಲ. ಹಿಂದೆ ಹಾರನ್ನುಗಳ ಮೆರವಣಿಗೆಯೇ ಬರುತ್ತಿತ್ತು.

ಗೇಟಿನಲ್ಲಿ ಸಿಸ್ಟರ್ ಗಾಲಿಕುರ್ಚಿ, ಆಮ್ಲಜನಕದ ಸಿಲಿಂಡರು ಹಿಡಿದು ನಿಂತಿದ್ದಳು. ಟೈಲರಮ್ಮನ ತಲೆ ಆಗಲೇ ಒಂದು ಕಡೆ ವಾಲಿತ್ತು. ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಅಪ್ಪಣೆ ಹೊರಗೆ ಬೆಂಚಿನ ಅಂಚಿಗೆ ಕೂತು ಆ ಬಾಗಿಲನ್ನೇ ನೋಡುತ್ತಿದ್ದ. ಅವಳ ಒಂದು ಚಪ್ಪಲಿ ವ್ಯಾನಿನಲ್ಲೇ ಉಳಿದಿದೆ ಎಂದು ನೆನಪಾಯಿತು.

ಬಹಳ ಹೊತ್ತಿನ ಮೇಲೆ ಸಿಸ್ಟರ್ ಕೈಗವಸು ಕಳಚುತ್ತ ಹೊರಬಂದಳು. “ಉಸಿರು ಹತೋಟಿಗೆ ಬಂದಿದೆ. ನೀರು ಹೊರಗೆ ಹೋಗ್ತಿದೆ. ಮ್ಯಾನೇಜರು ಎಲ್ಲ ಹೇಳಿದ್ರು. ಆ ವರ್ತುಲ ರಸ್ತೆಗೆ ಹೋಗಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ. ಓಣಿ ತೆರೆದಿದೆ ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?”

“ಹಾಗೇ… ಅಂದಾಜಿನ ಮೇಲೆ,” ಎಂದ.

ಅಷ್ಟರಲ್ಲಿ ಸೂಪರ್‌ವೈಸರ್ ಫೋನಿನಲ್ಲಿ ಗುಡುಗಿದ. “ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಯಾರು ಹೇಳಿದ್ರು ಆ ಓಣಿಗೆ ತಿರುಗಿಸೋಕೆ?”

“ಸಿಸ್ಟರ್ ಹೇಳಿದ್ರು ಸಾರ್. ಹೇಗಾದ್ರೂ ಮಾಡಿ ಬೇಗ ಬಾ ಅಂದ್ರು.”

ಎದುರಿಗೇ ನಿಂತಿದ್ದ ಸಿಸ್ಟರ್ ಹುಬ್ಬೇರಿಸಿದಳು. ನೋಡಿ, ಇವನ ಜಾಯಮಾನವೇ ಇಷ್ಟು. ಒಂದು ಜೀವ ಉಳಿದದ್ದರ ಕೀರ್ತಿಯನ್ನೂ ಬೇರೆಯವರ ತಲೆಗೆ ಕಟ್ಟಿ ಬಚಾವಾಗುವವನು.

“ಆಯ್ತು, ಮುಂದಿನ ಪೇಶೆಂಟನ್ನ ಕರ್ಕೊಂಡು ಬನ್ನಿ. ಮ್ಯಾಪ್ ನೋಡ್ಕೊಂಡು ಹೋಗಿ,” ಎಂದು ಸೂಪರ್‌ವೈಸರ್ ಫೋನು ಇಟ್ಟ.

ಅದೇ ಹೊತ್ತಿಗೆ ಮ್ಯಾನೇಜರು ಯಂತ್ರದ ಕುರ್ಚಿಯಲ್ಲಿ ಒರಗಿದಲ್ಲಿಂದಲೇ ಕೂಗಿ ಕರೆದು ಹೆಮ್ಮೆಯಿಂದ ಫೋನು ತೋರಿಸಿದರು. “ನೋಡಯ್ಯಾ, ರಸ್ತೆ ತೆರೆದಿದೆ ಅಂತ ನಾನೇ ತಿಳಿಸಿಬಿಟ್ಟೆ. ಪಾಪ, ನಮ್ಮ ಹಾಗೆ ಎಷ್ಟು ಜನ ಒದ್ದಾಡ್ತಿದ್ದಾರೋ ಏನೋ. ನಮ್ಮ ಹಿಂದೆ ಬಂದವರೂ ಒತ್ತಿರಬೇಕು, ಒಪ್ಪಿಕೊಂಡೂ ಬಿಟ್ಟಿದೆ!”

ಓಣಿಯ ಮೇಲಿನ ಮುಚ್ಚಿದ ಗುರುತು ಹೋಗಿತ್ತು. ಅಲ್ಲಿ ದಪ್ಪ ನೀಲಿ ಗೆರೆ ಎಳೆದಿತ್ತು.

ವ್ಯಾನು ಹತ್ತಿ ಹೊರಟ. ಮುಂದಿನ ಪೇಶೆಂಟಿನ ಮನೆಗೆ ಎಡಕ್ಕೆ ಹೋಗಬೇಕೆಂದು ಹೆಂಗಸು ಹೇಳಿದಳು. ಎಡಕ್ಕೆ ದೀಪವನ್ನೂ ಹಾಕಿದ. ಬಲಗಡೆ, ಓಣಿಯ ಈ ತುದಿಯಿಂದ ಕಾರುಗಳು ಒಂದಕ್ಕೊಂದು ಅಂಟಿಕೊಂಡು ಹೊರಬೀಳುತ್ತಿದ್ದವು. ಯಾವುದೋ ಕಾರಿನ ಚಕ್ರಕ್ಕೆ ಯಾರದೋ ಮನೆಯ ಲಂಗ ಸುತ್ತಿಕೊಂಡಿತ್ತು. ಒಳಗೆಲ್ಲೋ ಒಂದು ಮಗು ಕಿರುಚಿತು. ಪೆಟ್ಟಾಗಿ ಕಿರುಚಿದ್ದೋ ಸುಮ್ಮನೆ ಕಿರುಚಿದ್ದೋ ತಿಳಿಯಲಿಲ್ಲ.

ಅವನು ಎಡದ ದೀಪ ಆರಿಸಿ, ಹಿಂಬದಿಯ ಸಣ್ಣ ಬೀದಿಗಳನ್ನು ಬಹಳ ಹೊತ್ತು ಸುತ್ತಿ ಬಳಸಿ ಸಂತೆಬೀದಿಗೆ ಬಂದ. ನುಗ್ಗುತ್ತಿದ್ದ ಸಾಲಿನ ನಡುವೆ ಮೂತಿ ತೂರಿಸಿ, ವ್ಯಾನನ್ನು ಓಣಿಯ ಬಾಯಿಗೆ ಅಡ್ಡಲಾಗಿ ನಿಲ್ಲಿಸಿ, ಎಂಜಿನು ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದ. ಕ್ಷೌರದವನು ಅಂಗಡಿಯ ಬಾಗಿಲಲ್ಲಿ ಕತ್ತರಿ ಹಿಡಿದಂತೆಯೇ ನಿಂತು ನೋಡಿದ.

ಮೊದಲ ಕಾರಿನವನು ತಲೆ ಹೊರಗೆ ಹಾಕಿದ. “ಏಯ್, ತೆಗಿಯೋ ಗಾಡಿ! ಮ್ಯಾಪ್ ಇದೇ ದಾರಿ ತೋರಿಸ್ತಿದೆ, ಕಾಣಲ್ವಾ?”

“ಇಲ್ಲಿ ಹೋಗೋ ಹಾಗಿಲ್ಲ. ಹಿಂದಕ್ಕೆ ತಗೊಳ್ಳಿ.”

“ನೀನೇನು ಪೊಲೀಸಾ? ಯೂನಿಫಾರ್ಮ್ ಎಲ್ಲಿ?”

ವ್ಯಾನಿನೊಳಗೆ ಫೋನು ರಿಂಗಾಗತೊಡಗಿತು, ಸೂಪರ್‌ವೈಸರನದೇ ಇರಬೇಕು. ರಿಂಗಾಗಿ ನಿಂತು, ಮತ್ತೆ ರಿಂಗಾಯಿತು. ಹಿಂದಿನ ಕಾರುಗಳ ಬಾಗಿಲು ತೆರೆದು ಒಬ್ಬೊಬ್ಬರೇ ಇಳಿದು ಬರುತ್ತಿದ್ದರು. ಅಪ್ಪಣೆ ಮೊದಲ ಕಾರಿನ ಬಿಸಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಅಲ್ಲೇ ಒತ್ತಿ ಹಿಡಿದ, ಕಾರು ಹಿಂದಕ್ಕೆ ಸರಿಯುವವರೆಗೆ.