ಬಚ್ಚಲಿನ ಹಿಡಿಕೆಗೆ ಯಾರ ಅಳತೆ

ಕುಪ್ಪಸದ ತೋಳು ಹೊಲಿಯುತ್ತಿದ್ದೆ. ಬಟ್ಟೆ ಹಿಡಿದಿದ್ದ ಎಡಗೈ ಜಾರಿ ತೊಡೆಯ ಮೇಲೆ ಬಿತ್ತು. ಎತ್ತಲು ನೋಡಿದೆ.

ಏಳಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ನನಗೆ ನಲವತ್ತಾರು ವರ್ಷ. ಬಿ.ಪಿ. ಇರುವುದೇ ಗೊತ್ತಿರಲಿಲ್ಲ. ಮೂರು ವಾರದಲ್ಲಿ ಮಾತು ಸರಿಹೋಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಎಡಗೈ ಮಾತ್ರ ಬರಲಿಲ್ಲ. ಡಿಸ್ಚಾರ್ಜ್ ಆಗುವ ದಿನ ಡಾಕ್ಟರು ನನ್ನ ಹಾಸಿಗೆಯ ಪಕ್ಕದಲ್ಲೇ ನಿಂತು ನಮ್ಮ ಮನೆಯವರಿಗೆ ಹೇಳಿದರು: ಮೊದಲು ಮನೆ ಸರಿ ಮಾಡಿಕೊಳ್ಳಿ, ಬಚ್ಚಲಲ್ಲಿ ಕಬ್ಬಿಣದ ಹಿಡಿಕೆ ಹಾಕಿಸಿ, ಬಿದ್ದರೆ ಕಷ್ಟ. ಬೀಳುವವಳು ನಾನು. ನನ್ನ ಕಡೆ ಅವರು ತಿರುಗಲೂ ಇಲ್ಲ.

ಅಣ್ಣಿಗೇರಿಗೆ ಮರಳಿದ ಮೂರನೆಯ ದಿನ ನಮ್ಮ ಮನೆಯವರು ಕಂಬಾರ ಈರಪ್ಪನನ್ನು ಕರೆತಂದರು. ಮೈದುನನೂ ಬಂದ. ಮೂವರೂ ಬಚ್ಚಲಿಗೆ ಹೋದರು. ನಾನು ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದೆ. ನಿಂತಿದ್ದ ನಮ್ಮ ಮನೆಯವರ ಎದೆಮಟ್ಟಕ್ಕೆ ಗುರುತು ಹಾಕಿದ್ದು ಅವರ ಮಾತಿನಿಂದ ತಿಳಿಯಿತು. ಹಿಡಿಕೆ ಎಡ ಗೋಡೆಗಿರಲಿ, ಅಲ್ಲಿ ಜಾಗ ಇದೆ ಎಂದು ಮೈದುನ ಹೇಳಿದ.

ಎಡಗಡೆ. ಬಾರದ ಕೈಯ ಕಡೆ.

ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಸಹಿಸಿದ್ದೆ, ಯಾರ್ಯಾರೋ ಮೈ ಒರೆಸಿದ್ದನ್ನು ಸಹಿಸಿದ್ದೆ. ಅದು ರೋಗ. ಆದರೆ ನನ್ನದೇ ಮನೆಯಲ್ಲಿ, ನಾನು ಬತ್ತಲೆ ಕೂರುವ ಜಾಗದಲ್ಲಿ, ನನ್ನ ಕೈ ಎಲ್ಲಿಗೆ ಮುಟ್ಟುತ್ತದೆಂದು ಮೂವರು ಗಂಡಸರು ನನ್ನನ್ನು ಬಿಟ್ಟು ತೀರ್ಮಾನಿಸುವುದು ಯಾವ ರೋಗ? ಮೈಯೆಲ್ಲ ಉರಿಯಿತು. ಗೋಡೆ ಹಿಡಿದು, ಕಾಲು ಎಳೆಯುತ್ತ ಬಚ್ಚಲ ಬಾಗಿಲಿಗೆ ಬಂದೆ.

"ನೀ ಯಾಕ ಎದ್ದಿ? ಕುಂಡ್ರು ಹೋಗು, ನಾವು ನೋಡ್ತೇವಿ," ಎಂದರು ನಮ್ಮ ಮನೆಯವರು.

"ಇಪ್ಪತ್ತು ವರ್ಷ ಊರ ಮಂದಿ ಕುಪ್ಪಸ ಹೊಲದೀನ್ರಿ. ಒಬ್ಬಾಕಿ ಅಳತಿ ತಗೊಂಡು ಇನ್ನೊಬ್ಬಾಕಿಗೆ ಹೊಲದಿಲ್ಲ. ಜಳಕಾ ಮಾಡಾಕಿ ನಾನು. ಅಳತಿ ನಂದು ತಗೊಳ್ರಿ."

ಬಚ್ಚಲ ಕಲ್ಲಿನ ಮೇಲೆ ಮಣೆ ಹಾಕಿಸಿ ಸೀರೆಯಲ್ಲೇ ಕೂತೆ. ಏಳಲು ನೋಡಿದೆ. ಬಲಗೈ ಬಲಗಡೆಯ ಗೋಡೆಯ ಮೇಲೆ ಎಲ್ಲಿಗೆ ಹೋಯಿತೋ ಅಲ್ಲಿ ಈರಪ್ಪ ಇದ್ದಿಲಿನಿಂದ ಗೆರೆ ಎಳೆದ. ಅವರ ಗುರುತಿಗಿಂತ ಒಂದು ಮೊಳ ಕೆಳಗಿತ್ತು. ಕಲ್ಲು ನುಣುಪಾಗಿದೆ, ಉಳಿಯಿಂದ ಒರಟು ಮಾಡಿಸಿ ಎಂದೂ ಹೇಳಿದೆ. ಈರಪ್ಪ ಗೆರೆಯ ಹತ್ತಿರ ಮೊಳೆ ಒತ್ತಿ ನೋಡಿದ. ಮಣ್ಣು ಉದುರಿತು.

"ಅಕ್ಕಾರ, ಈ ಗ್ವಾಡಿ ನಿಮ್ಮ ಭಾರ ತಡಿಯೂದಿಲ್ರಿ. ನೆಲದಾಗ ಕಬ್ಬಿಣದ ಕಂಬ ಹುಗದು ಅದಕ್ಕ ಹಿಡಿಕಿ ಕೂಡಸ್ತೀನಿ. ನಡೀತೈತೇನ್ರಿ?"

ಕಾಯಿಲೆ ಬಿದ್ದ ಮೇಲೆ ನನ್ನ ಮುಖ ನೋಡಿ ಒಪ್ಪಿಗೆ ಕೇಳಿದ ಮೊದಲ ಗಂಡಸು ಅವನು. ನಡೆಯುತ್ತದೆ ಎಂದೆ. ಕಣ್ಣಲ್ಲಿ ನೀರು ಬಂತು. ಅದನ್ನು ಅವರಿಗೆ ತೋರಿಸಲಿಲ್ಲ.

ಈಗ ಎರಡು ತಿಂಗಳಾಯಿತು. ಕೈ ಬಂದಿಲ್ಲ. ಬರುತ್ತದೆಂದು ಡಾಕ್ಟರೂ ಹೇಳುವುದಿಲ್ಲ. ಆ ದಿನದ ಸಿಟ್ಟು ಪೂರ್ತಿ ಇಳಿದಿಲ್ಲ, ಇಳಿಯಲೇಬೇಕೆಂದು ನನಗೂ ಅನಿಸಿಲ್ಲ. ಬೆಳಿಗ್ಗೆ ನಮ್ಮ ಮನೆಯವರು ಬಿಸಿನೀರು ತೋಡಿಟ್ಟು ಹೊರಗೆ ಹೋಗುತ್ತಾರೆ. ಅಷ್ಟರ ಮಟ್ಟಿಗೆ ಅವರಿಗೆ ನಾನು ಋಣಿ. ಬಾಗಿಲು ನಾನೇ ಎಳೆದುಕೊಂಡು, ಈರಪ್ಪ ಹುಗಿದ ಕಂಬದ ಹಿಡಿಕೆ ಹಿಡಿದು ಕೂರುತ್ತೇನೆ. ಒಳಗೆ ಬರಲೇನು ಎಂದು ಅವರು ಆಚೆಯಿಂದ ಕೇಳುತ್ತಾರೆ.

ಬ್ಯಾಡ್ರಿ, ಎನ್ನುತ್ತೇನೆ.