ನಾಲ್ಕೇ ಹೆಸರು ಬರೆದ ಅಕ್ಕ

ಕಳೆದ ತಿಂಗಳು ನಮ್ಮ ಹೋಟೆಲಿಗೆ ಕಲಬುರಗಿ ಕಡೆಯ ಹೊಸ ಅಡುಗೆಯವರು ಬಂದರು. ವಯಸ್ಸಾದವರು. ಬಂದ ಮೂರನೇ ದಿನ, ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ, ಯಾರನ್ನೂ ಕೇಳದೆ ಒಂದು ಬಾಣಲೆ ಶೇಂಗಾ ಹುರಿದರು. ಸಿಪ್ಪೆ ಊದಿ, ಬೆಲ್ಲ ಏಲಕ್ಕಿ ಹಾಕಿ ಕುಟ್ಟಿದರು. ಶೇಂಗಾ ಹೋಳಿಗೆಯ ಹೂರಣ. ಬಿಸಿ ಶೇಂಗಾಕ್ಕೆ ಬೆಲ್ಲ ತಗುಲಿದಾಗ ಒಂದು ವಾಸನೆ ಏಳುತ್ತದೆ. ನಾನು ಗ್ರೈಂಡರ್ ಆಫ್ ಮಾಡಿ, ಹಿಂಬಾಗಿಲಿನಿಂದ ಹೊರಗೆ ಹೋಗಿ ಕಸದ ಡಬ್ಬಿಗಳ ಪಕ್ಕ ನಿಂತೆ.

ಆ ವಾಸನೆ ನನಗೆ ಅಕ್ಕನ ಮನೆಯದು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಇಲ್ಲಿ ಲಂಡನ್ನಿನ ಸ್ಟ್ರಾಟ್‌ಫರ್ಡಿನಲ್ಲಿ ಒಲಿಂಪಿಕ್ಸ್ ಮುಗಿದ ಮುಂದಿನ ವರ್ಷ ನಾನು ಗ್ರೀನ್‌ಫರ್ಡಿನಲ್ಲಿ ಅವರ ಮನೆಯ ಮೇಲಿನ ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಂಚ ಹಾಕಿದರೆ ಬಾಗಿಲು ಅರ್ಧ ಮಾತ್ರ ತೆರೆಯುವಂಥ ಕೋಣೆ. ಅವರು ವಿಜಯಪುರದವರು, ನಾನು ಕುಂದಾಪುರದವನು. ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. "ನೀ ಕನ್ನಡ ಮಾತಾಡ್ತಿಯೋ, ಮೀನ ಹಿಡಿಯಾಕ ಹೊಂಟಿಯೋ?" ಎಂದು ನಗುತ್ತಿದ್ದರು. ನನ್ನನ್ನು ತಮ್ಮಾ ಎಂದು ಕರೆದರು, ನಾನು ಅಕ್ಕ ಎಂದೆ. ಅವರ ಗಂಡ ಭಾವ ಆದರು. ಹತ್ತು ವರ್ಷದ ಮಗಳಿಗೆ ನಾನು ಮಾಮ ಆದೆ. ಭಾವ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಅಕ್ಕ ಮಗಳ ಪ್ರೈಮರಿ ಶಾಲೆಯಲ್ಲೇ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದರು.

ಅದು ಮಗಳ ಕೊನೆಯ ಪ್ರೈಮರಿ ವರ್ಷ. ಮುಂದೆ ಯಾವ ಶಾಲೆ ಅನ್ನುವುದು ಬಿಟ್ಟು ಆ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಇಲ್ಲಿಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಲ್ಲ ಮಕ್ಕಳಿಗೂ ಹತ್ತಿರದ ಸಾಮಾನ್ಯ ಶಾಲೆಗಳಿವೆ. ಅವಲ್ಲದೆ ಪರೀಕ್ಷೆ ಬರೆದು ಸೇರುವ ಗ್ರಾಮರ್ ಶಾಲೆಗಳಿವೆ. ನಮ್ಮ ಕಡೆ ಒಂದೂ ಇಲ್ಲ, ಬಸ್ಸು ರೈಲು ಹತ್ತಿ ಹೋಗಬೇಕು. ಅಕ್ಕ ಎರಡು ವರ್ಷ ಮಗಳನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಅದಕ್ಕೇ ಓದಿಸಿದರು. ಒಂದು ಕೈಯಲ್ಲಿ ರೊಟ್ಟಿ ಬಡಿಯುವುದು, ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿಯುವುದು. ಅಕ್ಕ ಓದಿದ್ದು ಏಳನೇ ತರಗತಿ. ಆ ಲೆಕ್ಕಗಳು ಅವರಿಗೂ ಬರುತ್ತಿರಲಿಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ಡುಮ್ಕಿ ಹೊಡೆದ ನನಗೂ ಬರುತ್ತಿರಲಿಲ್ಲ. ಹುಡುಗಿ ತಾನೇ ಮಾಡಿ ತಾನೇ ಉತ್ತರ ತಾಳೆ ನೋಡುತ್ತಿತ್ತು.

ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಪಾಸು.

ಅಕ್ಕ ಫೋನನ್ನು ಹಣೆಗೆ ಒತ್ತಿಕೊಂಡು ದೇವರ ಮುಂದೆ ಕೂತುಬಿಟ್ಟರು. ಶನಿವಾರ ಬೆಳಿಗ್ಗೆ ಎದ್ದು ಶೇಂಗಾ ಹುರಿದರು. ನಾನು ಕಣಕ ನಾದಿ ಉಂಡೆ ಕಟ್ಟಿ ಕೊಟ್ಟೆ, ಅವರು ತಟ್ಟಿ ಬೇಯಿಸಿದರು. ಮಕ್ಕಳು ಪಾಸಾದರೆ ಊರಲ್ಲಿ ಸಿಹಿ ಹಂಚಬೇಕಲ್ಲ. ನಾಲ್ಕು ನಾಲ್ಕು ಹೋಳಿಗೆ ಫಾಯಿಲಿನಲ್ಲಿ ಸುತ್ತಿ ಬೀದಿಯ ಮನೆಮನೆಗೂ ಕೊಟ್ಟರು, ಪೋಲೆಂಡಿನ ಮುದುಕನಿಗೂ, ಎದುರು ಮನೆಯ ಸೊಮಾಲಿ ಹೆಂಗಸಿಗೂ. ಶಾಲೆಯ ಅಡುಗೆಯವರಿಗೆ ಒಂದು ಡಬ್ಬಿ. ನಮ್ಮ ಹೋಟೆಲಿಗೆ ಒಂದು ಡಬ್ಬಿ. ಎಲ್ಲರಿಗೂ ಒಂದೇ ಮಾತು: "ನಮ್ಮಾಕಿ ಗ್ರಾಮರಿಗೆ ಪಾಸಾದಳು."

ಪಾಸು ಅಂದರೆ ಸೀಟು ಸಿಕ್ಕಿತು ಎಂದೇ ಅಕ್ಕ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಮುಂದಿನ ಭಾನುವಾರ ಬಾಡಿಗೆಯ ಹಾಲಿನಲ್ಲಿ ಕನ್ನಡದವರ ದಸರಾ ಕಾರ್ಯಕ್ರಮವಿತ್ತು. ಅಲ್ಲಿ ಪಿನ್ನರ್ ಎಂಬ ಬಡಾವಣೆಯ ಮೇಡಂ ಒಬ್ಬರು ಸಿಕ್ಕರು. ಬೆಂಗಳೂರಿನವರು, ಆಫೀಸಿನಲ್ಲಿ ಕೆಲಸ, ಇಬ್ಬರು ಮಕ್ಕಳನ್ನು ಇದೇ ದಾರಿಯಲ್ಲಿ ದಾಟಿಸಿದವರು. ಹೋಳಿಗೆ ತಿಂದು ಕೈ ಒರೆಸಿಕೊಂಡು ಹೇಳಿದರು: "ನೋಡಿ, ಪಾಸಾದ್ರೆ ಸೀಟ್ ಅಂತಲ್ಲ ರೀ. ಪಾಸಾದೋರೇ ಸೀಟಿಗಿಂತ ಜಾಸ್ತಿ ಇರ್ತಾರೆ. ಮಾರ್ಕ್ಸ್ ನೋಡ್ತಾರೆ, ಮನೆ ಎಷ್ಟು ದೂರ ಅಂತ ನೋಡ್ತಾರೆ. ಫಾರ್ಮಲ್ಲಿ ಆರು ಶಾಲೆ ಹಾಕ್ಬೋದು. ಗ್ರಾಮರ್ ಮೇಲ್ಗಡೆ ಹಾಕಿ, ಕೊನೇಲಿ ನಿಮ್ಮನೆ ಹತ್ರದ್ದು ಹಾಕ್ಬಿಡಿ. ಮರೀಬೇಡಿ."

ಅಕ್ಕನ ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಬರುವಾಗ ಸಿಟ್ಟಾದರು. "ಹೊಟ್ಟಿ ಉರಿ ಆಕೀಗೆ. ನಮ್ಮಂಥಾವರ ಮಗಳು ಪಾಸ್ ಆಗ್ಯಾಳಲ್ಲ, ಅದಕ್ಕ." ಮಗಳು ಕಿಟಕಿಯಲ್ಲಿ ನೋಡುತ್ತಾ ಕೂತಿತ್ತು.

ಮನೆಯಿಂದ ಏಳು ನಿಮಿಷ ನಡೆದರೆ ಒಂದು ಶಾಲೆ ಇತ್ತು. ಕೆಂಪು ಇಟ್ಟಿಗೆಯದು, ದೊಡ್ಡ ಮೈದಾನ. ಮಗಳ ಗೆಳತಿಯರೆಲ್ಲ ಅಲ್ಲಿಗೇ ಹೋಗುವವರು. ಒಂದು ಸಂಜೆ ನಾನು ಚಹಾ ಮಾಡುತ್ತಿದ್ದಾಗ ಹುಡುಗಿ ಬಂದು ಪಕ್ಕ ನಿಂತಿತು. ಕನ್ನಡ ಅದಕ್ಕೆ ಪೂರಾ ತಿಳಿಯುತ್ತಿತ್ತು, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್. "ಮಾಮಾ, ಕ್ಯಾನ್ ಯು ಟೆಲ್ ಅವ್ವಾ? ಜಸ್ಟ್ ಪುಟ್ ಇಟ್ ಲಾಸ್ಟ್. ಪ್ಲೀಸ್." ಅವ್ವನಿಗೆ ನೇರವಾಗಿ ಹೇಳುವ ಧೈರ್ಯ ಅದಕ್ಕಿರಲಿಲ್ಲ. ಎರಡು ವರ್ಷದ ಕಷ್ಟ ಕಂಡಿತ್ತಲ್ಲ.

ಆಯಿತು ಹೇಳುತ್ತೇನೆ ಎಂದೆ.

ಶಾಲೆ ಹಂಚುವುದು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ; ಅದಕ್ಕೆ ಅರ್ಜಿ ಕಳಿಸಲು ತಿಂಗಳ ಕೊನೆಯೇ ಕಡೇ ದಿನ. ಆವತ್ತು ನನಗೆ ರಜೆ. ಭಾವ ಗೋಡೌನಿಗೆ ಹೋಗಿದ್ದರು, ಅರ್ಜಿಯ ವಿಷಯ ಅವರು ಪೂರ್ತಿ ಅಕ್ಕನಿಗೇ ಬಿಟ್ಟಿದ್ದರು. ಅಕ್ಕ ಕಂಪ್ಯೂಟರ್ ಮುಂದೆ ಕೂತಿದ್ದರು. ನಾಲ್ಕು ಗ್ರಾಮರ್ ಶಾಲೆಗಳ ಹೆಸರು ತುಂಬಿಸಿ ಆಗಿತ್ತು. ಕೆಳಗೆ ಎರಡು ಸಾಲು ಖಾಲಿ.

"ತಮ್ಮಾ, ಇಲ್ಲಿ ಬಾ ಕುಂದ್ರು," ಎಂದರು. "ನನಗ ಒಂದು ಹೆದರಿಕಿ ಐತಿ. ಹತ್ತರದ್ದು ಬರದ್ರ ಕೌನ್ಸಿಲ್‌ದವರು ಅದನ್ನ ಕೊಟ್ಟು ಕೈ ತೊಳ್ಕೋತಾರೇನೋ ಅಂತ. ನೀ ಏನಂತಿ?"

ಹುಡುಗಿ ಬಾಗಿಲ ಹತ್ತಿರ ನಿಂತಿತ್ತು. ನನ್ನನ್ನೇ ನೋಡುತ್ತಿತ್ತು.

ನನ್ನನ್ನು ಓದಿನ ವಿಷಯದಲ್ಲಿ ಯಾರೂ ಏನನ್ನೂ ಕೇಳಿದವರಲ್ಲ. ಮೇಷ್ಟ್ರು ಕೇಳಿದ್ದು ಒಂದೇ, ಶಾಲೆಗೆ ಯಾಕೆ ಬರುತ್ತೀ ಎಂದು. ಇಲ್ಲಿ ಒಬ್ಬರು ಕುರ್ಚಿ ಎಳೆದು ಕೊಟ್ಟು ಕೇಳುತ್ತಿದ್ದಾರೆ. ಹೆಮ್ಮೆಗೆ ನನ್ನ ತಲೆ ತಿರುಗಿತು, ನಿಜ ಹೇಳುತ್ತೇನೆ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಗೊತ್ತಿದ್ದದ್ದು ಹೋಟೆಲು. ಅದನ್ನೇ ಹೇಳಿದೆ.

"ಕಾಣಿ ಅಕ್ಕ, ನಮ್ಮ ಹೋಟ್ಲಂಗೆ ರಶ್ ಇದ್ದಾಗ ಗಿರಾಕಿ ಮಸಾಲೆದೋಸೆ ಕೊಡಿ, ಇಲ್ದಿರೆ ಇಡ್ಲಿ ಆದ್ರೂ ಅಡ್ಡಿಲ್ಲ ಅಂದ್ರೆ ನಾವ್ ಎಂತ ಕೊಡುದ್? ಇಡ್ಲಿಯೇ. ಅದ್ ಬೆಂದ್ ಕೂತಿರತ್ತ್. ದೋಸೆಯೇ ಬೇಕ್ ಅಂದ್ ಕೂತವಂಗೆ ಮಾತ್ರ ದೋಸೆ ಹುಯ್ದ್ ಕೊಡುದ್."

ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದರು. "ಶ್ಯಾಣ್ಯಾ ಅದೀಯಪಾ! ಪಿನ್ನರಿನಾಕೀಗೆ ಇಷ್ಟ್ ತಿಳೀಲಿಲ್ಲ ನೋಡು."

ಎರಡು ಸಾಲು ಖಾಲಿಯೇ ಬಿಟ್ಟು ಅರ್ಜಿ ಕಳಿಸಿದರು. ತಿರುಗಿ ನೋಡಿದರೆ ಬಾಗಿಲಲ್ಲಿ ಹುಡುಗಿ ಇರಲಿಲ್ಲ. ಆಮೇಲೆ ಅದು ನನ್ನ ಜೊತೆ ಮಾತು ಬಿಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಅದೇ ನನಗೆ ಕಷ್ಟವಾಯಿತು…

ಮಾರ್ಚ್ ಒಂದನೇ ತಾರೀಕು ಸಂಜೆ ಇಮೇಲ್ ಬಂತು. ನಾಲ್ಕು ಗ್ರಾಮರ್ ಶಾಲೆಗಳಲ್ಲಿ ಒಂದೂ ಸಿಗಲಿಲ್ಲ. ಎಲ್ಲಿ ಜಾಗ ಉಳಿದಿತ್ತೋ ಆ ಶಾಲೆ ಕೊಟ್ಟಿದ್ದರು. ಎರಡು ಬಸ್ಸು ಬದಲಿಸಿ ಹೋಗಬೇಕು, ಅದರ ಹೆಸರೇ ನಾವು ಕೇಳಿರಲಿಲ್ಲ. ಅಕ್ಕ ಅದನ್ನು ಮಗಳ ಕೈಯಲ್ಲಿ ಮೂರು ಸಲ ಓದಿಸಿದರು.

ನಾಲ್ಕು ದಿನ ಬಿಟ್ಟು ಅಕ್ಕ ಕೌನ್ಸಿಲ್ ಆಫೀಸಿಗೆ ಹೊರಟರು. ನಾನೂ ಜೊತೆಗೆ ಹೋದೆ. ಕೌಂಟರಿನ ಹೆಂಗಸು ಒಳ್ಳೆಯವಳು. ಕಂಪ್ಯೂಟರ್ ನೋಡಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಮೇಲಿನ ಸಾಲಿನಿಂದ ಒಂದೊಂದೇ ನೋಡುತ್ತಾ ಬರುತ್ತೇವೆ. ಕೆಳಗೆ ಏನು ಬರೆದಿದ್ದೀರಿ ಎಂಬುದು ಮೇಲಿನ ಶಾಲೆಗೆ ಗೊತ್ತೇ ಆಗುವುದಿಲ್ಲ. ಹತ್ತಿರದ ಶಾಲೆಯನ್ನು ಆರನೇ ಸಾಲಿನಲ್ಲಿ ಬರೆದಿದ್ದರೂ ನಿಮಗೇ ಸಿಗುತ್ತಿತ್ತು, ನಿಮ್ಮ ಮನೆಗಿಂತ ದೂರದ ಮಕ್ಕಳಿಗೂ ಸಿಕ್ಕಿದೆ. ಈಗ ಅಲ್ಲಿ ವೇಟಿಂಗ್ ಲಿಸ್ಟ್.

ಇಂಗ್ಲಿಷ್ ಅಕ್ಕನಿಗೆ ಅಷ್ಟಕ್ಕಷ್ಟೆ. ಆದರೆ ಇದು ಪೂರಾ ತಿಳಿಯಿತು. ನನಗೂ ತಿಳಿಯಿತು. ನಾನು ಅವರ ಹಿಂದೆ ನಿಂತಿದ್ದೆ. ಅವರು ತಿರುಗಿ ನನ್ನ ಮುಖ ನೋಡುತ್ತಾರೆ ಎಂದು ಕಾದೆ. ನೋಡಲಿಲ್ಲ. ಥ್ಯಾಂಕ್ಯೂ ಎಂದು ಹೇಳಿ ಸೆರಗು ಸರಿಮಾಡಿಕೊಂಡು ಕೋಟಿನ ಗುಂಡಿ ಹಾಕಿದರು. ಬಸ್ ಸ್ಟಾಪಿನಲ್ಲಿ ಕೇಳಿದರು, "ತಮ್ಮಾ, ಮುಂಜಾನಿಂದ ಏನರೆ ತಿಂದೀಯೇನು?"

ಆಗ ನಾನು ಹೇಳಬೇಕಿತ್ತು. ತಪ್ಪಾಯಿತು ಅಕ್ಕ, ಗೊತ್ತಿಲ್ಲದೆ ಬಾಯಿ ಹಾಕಿದೆ ಎಂದು. ಇಲ್ಲ ಅಕ್ಕ, ತಿಂದಿಲ್ಲ ಎಂದೆ. ಮನೆಗೆ ಬಂದು ರೊಟ್ಟಿ ಮಾಡಿ ಬಡಿಸಿದರು. ತಿಂದೆ.

ಭಾವ ಬೈಯಲು ಶುರು ಮಾಡಿದರು. ಕೆಟ್ಟವರಲ್ಲ, ಆದರೆ ಹುಡುಗಿಯ ವಿಷಯದಲ್ಲಿ ಅವರಿಗೆ ತಡೆಯುತ್ತಿರಲಿಲ್ಲ. ಗೋಡೆ ಆಚೆಯಿಂದ ನನಗೆ ಎಲ್ಲ ಕೇಳುತ್ತಿತ್ತು. "ಊರ ಮಂದಿಗೆಲ್ಲಾ ಹೋಳಿಗಿ ಹಂಚಿದಿ! ಬಾಜೂಕಿನ ಸಾಲಿ ಬಿಟ್ಟು ಕೂಸನ್ನ ಎಲ್ಲಿಗೆ ಕಳಸಾಕ ಹೊಂಟಿ? ಯಾರ್ ಹೇಳಿದ್ರು ನಿನಗ ಹಂಗ ಬರಿ ಅಂತ?" ಅಕ್ಕನ ಉತ್ತರ ಮಾತ್ರ ಗೋಡೆ ದಾಟಿ ಬರುತ್ತಿರಲಿಲ್ಲ. ನಾನು ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಭಾವ ನನ್ನ ಮೇಲೆ ರೇಗಲಿಲ್ಲ. ಎದುರು ಸಿಕ್ಕರೆ ಮೊದಲಿನ ಹಾಗೆಯೇ ಊಟ ಆಯಿತೇ ಎಂದು ಕೇಳುತ್ತಿದ್ದರು. ಅಕ್ಕ ನನ್ನ ಹೆಸರು ಹೇಳಿಯೇ ಇರುತ್ತಾರೆ, ಭಾವನದು ದೊಡ್ಡ ಮನಸ್ಸು, ನನ್ನನ್ನು ಕ್ಷಮಿಸಿದ್ದಾರೆ ಎಂದುಕೊಂಡೆ.

ವೇಟಿಂಗ್ ಲಿಸ್ಟ್ ಮುಂದೆ ಸರಿಯಲಿಲ್ಲ. ಸೆಪ್ಟೆಂಬರಿನಲ್ಲಿ ಹುಡುಗಿ ಆ ದೂರದ ಶಾಲೆಗೇ ಹೋಯಿತು. ಎರಡು ಬಸ್ಸು ಅದಕ್ಕೆ ಅಭ್ಯಾಸವಾಗುವವರೆಗೆ ಅಕ್ಕ ದಿನಾ ಜೊತೆಗೆ ಹೋಗಿ ಬಿಟ್ಟು, ವಾಪಸು ಓಡಿ ಬಂದು ಪ್ರೈಮರಿ ಶಾಲೆಯಲ್ಲಿ ಊಟ ಬಡಿಸುತ್ತಿದ್ದರು. ಅಲ್ಲಿ ಯಾರೋ ನಗುತ್ತಾ ಕೇಳಿದರಂತೆ, ನಿಮ್ಮ ಮಗಳು ಗ್ರಾಮರಿನಲ್ಲಿ ಹೇಗಿದ್ದಾಳೆ ಎಂದು. ಚೆನ್ನಾಗಿದ್ದಾಳೆ ಎಂದು ಹೇಳಿ ಬಂದೆ ಎಂದರು. ನನಗೆ ಮಾತ್ರ ಹೇಳಿದ್ದು ಅದು.

ಕ್ರಿಸ್‌ಮಸ್ ಹೊತ್ತಿಗೆ ಅವರು ಆ ಶಾಲೆಯ ಹತ್ತಿರವೇ ಮನೆ ಮಾಡಿದರು. ನಾನು ಹೋಟೆಲಿನ ಮೇಲಿನ ಕೋಣೆಗೆ ಬಂದೆ. ಹೋಗುವ ದಿನ ಅಕ್ಕ ನನ್ನ ತಲೆ ಸವರಿ, "ದಿನಾ ಅನ್ನಾನ ತಿನ್ನಬ್ಯಾಡ, ರೊಟ್ಟಿ ಮಾಡೂದ ಕಲಿ," ಎಂದರು. ಮೊದಮೊದಲು ಫೋನ್ ಮಾಡಿದೆ. ಮಾತಾಡಿದಷ್ಟೂ ಆ ವಿಷಯ ನಾಲಿಗೆಯ ತುದಿಗೆ ಬರುತ್ತಿತ್ತು. ಅದಕ್ಕೇ ಫೋನ್ ಮಾಡುವುದು ಕಡಿಮೆ ಮಾಡಿದೆ. ಆಮೇಲೆ ಬಿಟ್ಟೆ. ಹೀಗೇ ನಾಲ್ಕೈದು ವರ್ಷ ಕಳೆಯಿತು…

ಕಳೆದ ತಿಂಗಳು ಆ ವಾಸನೆ ಮೂಗಿಗೆ ಬಡಿದ ಮೇಲೆ ಫೋನ್ ಹಚ್ಚಿದೆ. ನಂಬರ್ ಚಾಲ್ತಿಯಲ್ಲಿಲ್ಲ. ಪಿನ್ನರಿನ ಮೇಡಂ ಈಗ ನಮ್ಮ ಹೋಟೆಲಿನಿಂದ ಊಟ ತರಿಸುತ್ತಾರೆ, ಅವರನ್ನು ಕೇಳಿದೆ. "ಅಯ್ಯೋ, ನಿಮಗೆ ಗೊತ್ತಿಲ್ವಾ? ಅವರು ಹೋಗಿ ಎರಡು ವರ್ಷ ಆಯ್ತಲ್ಲ," ಎಂದರು. ಕ್ಯಾನ್ಸರ್. ಭಾವನ ನಂಬರ್ ಕೊಟ್ಟರು.

ಮೊನ್ನೆ ಮಂಗಳವಾರ ಹೋಗಿ ಭಾವನನ್ನು ಗೋಡೌನಿನ ಕ್ಯಾಂಟೀನಿನಲ್ಲಿ ಕಂಡೆ. ಕೂದಲು ಪೂರಾ ಬೆಳ್ಳಗಾಗಿದೆ. ಮಗಳು ಅದೇ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಾಳೆ ಎಂದರು. ಅಕ್ಕನ ಕೊನೆಯ ದಿನಗಳನ್ನು ಹೇಳಿದರು. ಕೇಳಿದೆ. ಆಮೇಲೆ ಕೇಳಿಯೇಬಿಟ್ಟೆ, "ಭಾವ, ಶಾಲೆ ವಿಷ್ಯದಂಗೆ ಅಕ್ಕಂಗೆ ನನ್ನ ಮೇಲೆ ಸಿಟ್ಟ್ ಇತ್ತಾ?"

"ನಿನ್ನ ಮ್ಯಾಲ ಯಾಕ?" ಎಂದರು.

ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದೆ, ಮೊದಲಿಂದ ಕೊನೆವರೆಗೆ. ಭಾವ ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

"ಆರು ತಿಂಗಳ ಬೈದೀನೋ ತಮ್ಮಾ ಆಕೀಗೆ," ಎಂದರು. "ಯಾರ್ ಹೇಳಿದ್ರು, ಯಾರ್ ಹೇಳಿದ್ರು ಅಂತ ದಿನಾ ಕೇಳೀನಿ. ನಂದ ಬುದ್ಧಿ, ನಾನ ಬರದೆ ಅಂದ್ಲು. ಬ್ಯಾರೆ ಏನೂ ಅನಲಿಲ್ಲ."

ಬ್ರೇಕ್ ಮುಗಿಯಿತು. ಅವರು ಎದ್ದು, ನನ್ನ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟು, ಒಳಗೆ ಹೋದರು.

ಆ ಬೈಗುಳ ನನಗೆ ಬರಬೇಕಾದದ್ದು. ಅಕ್ಕ ಅಷ್ಟನ್ನೂ ತಾವೇ ತಿಂದು, ನನಗೆ ರೊಟ್ಟಿ ಬಡಿಸಿ ಹೋದರು. ಈಗ ಅದನ್ನು ನನಗೆ ಕೊಡಿ ಎಂದು ಯಾರ ಹತ್ತಿರ ಹೋಗಿ ಕೇಳಲಿ…